46 ಕೆಜಿಯ ನಾನು 80 ಕೆಜಿಯ ರೋಗಿಯನ್ನು ಎತ್ತೋದು ಹೇಗೆ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದಲ್ಲಿದ್ದೇನೆ. ತೂಕ 46 ಕೆಜಿ. ಪುರುಷರ ಮೆಡಿಕಲ್ ವಾರ್ಡಿಗೆ ಪೋಸ್ಟಿಂಗ್ ಹಾಕಿದ್ದಾರೆ. ಬಲಗಡೆ ಲಕ್ವ ಹೊಡೆದ ಒಬ್ಬರಿದ್ದಾರೆ, ಏನಿಲ್ಲ ಅಂದರೂ 80 ಕೆಜಿ. ಅವರನ್ನು ಸ್ಕ್ಯಾನಿಂಗ್‌ಗೆ ಕಳಿಸಲು ಮಂಚದಿಂದ ವೀಲ್‌ಚೇರಿಗೆ ಕೂರಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ಐದು ದಿನ ಆಯ್ತು, ಇನ್ನೂ ನೋವಿದೆ. ಕ್ಲಾಸಲ್ಲಿ ಹೇಳಿಕೊಟ್ಟ ಹಾಗೇ ಮೊಣಕಾಲು ಮಡಿಸಿ, ಬೆನ್ನು ನೇರ ಇಟ್ಟುಕೊಂಡೇ ಎತ್ತಿದ್ದೆ. ತಪ್ಪು ಎಲ್ಲಾಯ್ತು? ನನ್ನಂಥ ಸಣಕಲಿಗೆ ಈ ಕೆಲಸ ಆಗಲ್ವಾ? ಬೆಲ್ಟ್ ಹಾಕಿಕೊಂಡರೆ ಸರಿ ಹೋಗುತ್ತಾ? ಸೀನಿಯರ್‌ಗಳು ಹೇಳಿದಾಗ ಆಗಲ್ಲ ಅನ್ನೋದು ಹೇಗೆ? ಮುಂದಿನ ತಿಂಗಳು ಪ್ರಾಕ್ಟಿಕಲ್ ಬೇರೆ ಇದೆ.

ಉತ್ತರ:

ಮೊದಲು ನಿಮ್ಮ ಸೊಂಟದ ವಿಷಯ, ರೋಗಿ ಆಮೇಲೆ. ನೋವು ತೊಡೆಯ ಹಿಂದಿನಿಂದ ಕಾಲಿಗೆ ಇಳಿಯುತ್ತಿದೆಯಾ? ಪಾದ ಜೋಮು ಹಿಡಿದ ಹಾಗಿದೆಯಾ? ಕಾಲಿನ ಹೆಬ್ಬೆರಳು ಮೇಲೆತ್ತಲು ಬಲ ಸಾಲುತ್ತಿಲ್ಲವಾ? ಹಾಗಿದ್ದರೆ ಓದುವುದನ್ನು ಇಲ್ಲೇ ನಿಲ್ಲಿಸಿ ಆರ್ಥೋ ಓಪಿಡಿಗೆ ಹೋಗಿ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಕೂರುವ ಜಾಗದಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ಓಪಿಡಿಗೂ ಕಾಯಬೇಡಿ, ನೇರ ಕ್ಯಾಶುವಾಲ್ಟಿ. ಇವು ಯಾವುದೂ ಇಲ್ಲ, ಬರೀ ಸೊಂಟ ಹಿಡಿದುಕೊಂಡಿದೆ ಅಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಬೇಡಿ, ಓಡಾಡಿಕೊಂಡಿರಿ, ಭಾರದ ಕೆಲಸ ಮಾತ್ರ ಸದ್ಯಕ್ಕೆ ಬೇಡ. ಟ್ಯೂಟರ್‌ಗೆ ಹೇಳಿ, ಬರೆದೂ ಕೊಡಿ. ಹೇಳಿದ್ರೆ ಏನಂದ್ಕೋತಾರೋ ಅಂತ ಮುಚ್ಚಿಟ್ಟುಕೊಳ್ಳುವುದು ನಮ್ಮ ಕಸುಬಿನ ಹಳೇ ಚಾಳಿ. ನಾನೂ ಅದನ್ನೇ ಮಾಡಿದವಳು.

ಇನ್ನು ತಪ್ಪು ಎಲ್ಲಾಯ್ತು ಅಂದರೆ, ನಿಮ್ಮ ಮೊಣಕಾಲಲ್ಲೂ ಅಲ್ಲ, ಬೆನ್ನಲ್ಲೂ ಅಲ್ಲ. "ಎತ್ತಿದ್ದೆ" ಅಂತ ಬರೆದಿದ್ದೀರಲ್ಲ, ಅಲ್ಲಿ.

ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆ ಅಮೆರಿಕದಲ್ಲಿದೆ. ಎಲ್ಲಾ ಅನುಕೂಲ ಇದ್ದಾಗ, ಅಂದರೆ ಹಿಡಿ ಇರುವ ಪೆಟ್ಟಿಗೆ, ಸೊಂಟದೆತ್ತರ, ಮೈಗೆ ಹತ್ತಿರ, ಹೀಗೆಲ್ಲ ಇದ್ದಾಗ ಒಬ್ಬರು ಎತ್ತಲು ಅದು ಹಾಕಿರುವ ಮಿತಿ 23 ಕೆಜಿ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ಲೆಕ್ಕ ಹಾಕಿದರು. ಮನುಷ್ಯನಿಗೆ ಪೆಟ್ಟಿಗೆಯ ಹಾಗೆ ಹಿಡಿ ಇರುವುದಿಲ್ಲ, ಮಧ್ಯದಲ್ಲಿ ಕೊಸರಾಡುತ್ತಾನೆ, ಜೋತುಬೀಳುತ್ತಾನೆ. ಹಾಗಾಗಿ ಅವರು ಹೇಳಿದ ಮಿತಿ 35 ಪೌಂಡ್, ಸುಮಾರು 16 ಕೆಜಿ. ಈಗ ನಿಮ್ಮ ರೋಗಿಯನ್ನು ನೋಡಿ. ಒಂದು ಕಾಲು ಅಂದರೆ ದೇಹದ ತೂಕದಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು, ಅವರ ಒಂದು ಕಾಲೇ 13 ಕೆಜಿ ತೂಗುತ್ತದೆ. ಕಾಲು ಎತ್ತಿ ಹಿಡಿದುಕೊಂಡರೇ ಮಿತಿಯ ಹತ್ತಿರ ಬಂದಿರಿ, ಇನ್ನು ಇಡೀ ಮನುಷ್ಯನನ್ನು ಎತ್ತುವುದು ಎಲ್ಲಿಯ ಮಾತು? ನೀವು 46 ಕೆಜಿ ಇದ್ದರೂ ಅಷ್ಟೇ, 76 ಕೆಜಿ ಇದ್ದರೂ ಅಷ್ಟೇ. ಸಣಕಲು ಅನ್ನುವ ಬೇಸರ ಇಲ್ಲಿಗೇ ಬಿಟ್ಟುಬಿಡಿ.

ತುಂಬಿದ ಗ್ಯಾಸ್ ಸಿಲಿಂಡರ್ 30 ಕೆಜಿ ಹತ್ತಿರ ಇರುತ್ತದೆ. ಮೆಟ್ಟಿಲಿಲ್ಲದ ಕಡೆ ಅದನ್ನು ತರುವ ಹುಡುಗ ಎತ್ತುತ್ತಾನಾ? ಓರೆ ಮಾಡಿ, ಅಂಚಿನ ಮೇಲೆ ಗರಗರ ಉರುಳಿಸಿಕೊಂಡು ಬರುತ್ತಾನೆ. ಹಳ್ಳಿಯಲ್ಲಿ ಹೆಂಗಸರು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇ ಅಂಟಿಸಿಕೊಳ್ಳುತ್ತಾರೆ, ಕೈ ಚಾಚಿ ಹಿಡಿಯುವುದಿಲ್ಲ. ಇದರ ಲೆಕ್ಕ ಸುಲಭ. ಬೆನ್ನುಮೂಳೆಯಿಂದ ಬೆನ್ನಿನ ಸ್ನಾಯು ಇರುವ ದೂರ ಸುಮಾರು 5 ಸೆಂ.ಮೀ. ಭಾರ 50 ಸೆಂ.ಮೀ. ದೂರದಲ್ಲಿದ್ದರೆ ಅದರ ಹತ್ತರಷ್ಟು ಬಲ ಹಾಕಿ ಆ ಸ್ನಾಯು ಎಳೆಯಬೇಕು. 10 ಕೆಜಿಗೆ 100 ಕೆಜಿಯಷ್ಟು. ನಿಮ್ಮ ಮೈಯ ಮೇಲ್ಭಾಗದ ಭಾರ ಇನ್ನೂ ಸೇರಿಸಿಲ್ಲ. ಅಷ್ಟೂ ಒತ್ತಡ ಹೋಗಿ ಕೂರುವುದು ಸೊಂಟದ ಕೊನೆಯ ಎರಡು ಡಿಸ್ಕ್‌ಗಳ ಮೇಲೆ. ಮಂಚದ ಈಚೆ ನಿಂತು ಆಚೆ ಮಗ್ಗುಲಲ್ಲಿರುವ ರೋಗಿಗೆ ಕೈ ಚಾಚುತ್ತೇವಲ್ಲ, ಆಗ ಮೊಣಕಾಲು ಎಷ್ಟು ಮಡಿಸಿದರೂ ಆ ದೂರ ಕಮ್ಮಿ ಆಗಲ್ಲ.

ಅದಕ್ಕೇ ಬರೀ "ಸರಿಯಾಗಿ ಎತ್ತುವ ವಿಧಾನ" ಕಲಿಸಿದರೆ ಸೊಂಟ ಉಳಿಯುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಆ ಬಗೆಯ ತರಬೇತಿಗಳನ್ನೆಲ್ಲ ಒಟ್ಟಿಗೆ ನೋಡಿ, ಅದೊಂದರಿಂದಲೇ ಬೆನ್ನುನೋವು ತಡೆಯಬಹುದು ಎನ್ನಲು ಆಧಾರ ಸಿಗಲಿಲ್ಲ ಅಂತ ಹೇಳಿತು. ಇಬ್ಬರು ಸೇರಿ ಎತ್ತಿದರೆ ಸಾಕಲ್ವಾ ಅಂತ ಕೇಳಬಹುದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮರಾಸ್ ಅವರ ತಂಡ 1999ರಲ್ಲಿ ಪ್ರಯೋಗಾಲಯದಲ್ಲಿ ಇದನ್ನು ಅಳೆದು ನೋಡಿತು, ಇಬ್ಬರು ಸೇರಿ ಕೈಯಿಂದ ಎತ್ತಿದಾಗಲೂ ಬೆನ್ನಿನ ಮೇಲೆ ಬೀಳುವ ಭಾರ ಅಪಾಯದ ಮಟ್ಟದಲ್ಲೇ ಇತ್ತು.

ನನ್ನ ಸೊಂಟ ಹೋಗಿದ್ದೂ ಇಬ್ಬರು ಸೇರಿ ಎತ್ತಿದಾಗಲೇ. ಆಗ 26 ವರ್ಷ, ರಾತ್ರಿ ಪಾಳಿ. ಲಕ್ವದ ರೋಗಿ, ಮಂಚದಲ್ಲಿ ಕೆಳಕ್ಕೆ ಜಾರಿದ್ದರು. ನಾನೊಂದು ಕಡೆ, ಆಯಾ ಒಂದು ಕಡೆ, ಕಂಕುಳಿಗೆ ಕೈ ಹಾಕಿ "ಒಂದು, ಎರಡು, ಮೂರು" ಅಂದೆವು. ನಾನು ಮೂರಕ್ಕೆ ಎಳೆದೆ. ಆಯಾ ಮೂರು ಆದಮೇಲೆ ಎಳೆಯೋಣ ಅಂತ ಕಾದರು. ರೋಗಿ ಗಾಬರಿಯಾಗಿ ನನ್ನ ಕುತ್ತಿಗೆಗೆ ಜೋತುಬಿದ್ದರು. ನನಗೆ ಒಂದೂವರೆ ತಿಂಗಳು ಬಗ್ಗಲು ಆಗಲಿಲ್ಲ. ಅವರಿಗೆ ಆ ಸೋತ ತೋಳಿನ ಕೀಲು ಊದಿಕೊಂಡು, ಬಟ್ಟೆ ಹಾಕಿಸಲೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಫಿಸಿಯೋಥೆರಪಿಯವರು ಬಂದು ನೋಡಿ ನನ್ನ ಮೇಲೆ ರೇಗಿದರು, ರೇಗಬೇಕಾದ್ದೇ. ಲಕ್ವ ಹೊಡೆದ ಕಡೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುತ್ತವೆ, ಕಂಕುಳಲ್ಲಿ ಕೈ ಹಾಕಿ ಎಳೆದರೆ ಕೀಲು ಜಾರುತ್ತದೆ. ಕಂಕುಳ ಹಿಡಿತವನ್ನು ಮರೆತುಬಿಡಿ. ವಾರ್ಡಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರೂ ಸರಿ.

ಈಗ ನಿಮ್ಮ ರೋಗಿಗೆ ಬರೋಣ. ಬಲಗಡೆ ಬಲ ಇಲ್ಲ, ಎಡಗಡೆ ಚೆನ್ನಾಗಿದೆ. ಮುಟ್ಟುವ ಮುಂಚೆ ಅವರಿಂದ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಮಾತು ಅರ್ಥವಾಗುತ್ತಾ? ಮಂಚದ ಅಂಚಲ್ಲಿ ಆಸರೆ ಇಲ್ಲದೆ ಕೂರುತ್ತಾರಾ? ಕೂತಲ್ಲೇ ಎಡಗಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದುಕೊಳ್ಳುತ್ತಾರಾ? ಆಗಲ್ಲ ಅಂದರೆ ಅವರನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಮಲಗಿದ ಹಾಗೇ ಟ್ರಾಲಿಗೆ ಸರಿಸಬೇಕು. ನೀವು ಬರೆದ ರೀತಿ ನೋಡಿದರೆ ಆ ದಿನ ಅವರಿಗೆ ಬೇಕಿದ್ದದ್ದು ಟ್ರಾಲಿಯೇ ಇರಬಹುದು. ಟ್ರಾಲಿ ಬೇರೆ ವಾರ್ಡಿಗೆ ಹೋಗಿತ್ತು ಅನ್ನುತ್ತೀರೇನೋ. ಗೊತ್ತು, ಅದು ಯಾವಾಗಲೂ ಬೇರೆ ವಾರ್ಡಿಗೇ ಹೋಗಿರುತ್ತದೆ. ಹತ್ತು ನಿಮಿಷ ಕಾಯಿರಿ.

ಕಾಲು ಊರುತ್ತಾರೆ ಅಂದುಕೊಳ್ಳೋಣ. ವೀಲ್‌ಚೇರ್ ಅವರ ಬಲ ಇರುವ ಕಡೆ, ಅಂದರೆ ಎಡಕ್ಕೆ ಬರಬೇಕು. ಹಾಗಾಗಿ ಮಂಚದ ಎಡ ಅಂಚಿನಿಂದ ಇಳಿಸಿ. ಚೇರ್ ತಲೆಯ ಕಡೆಗಿರಲಿ, ಮಂಚಕ್ಕೆ ತಾಗಿದಂತೆ, ಸ್ವಲ್ಪ ಓರೆಯಾಗಿ, 30ರಿಂದ 45 ಡಿಗ್ರಿ. ಎರಡೂ ಬ್ರೇಕ್ ಹಾಕಿ. ಹಾಕಿದ ಮೇಲೆ ಅಲ್ಲಾಡಿಸಿ ನೋಡಿ, ಏಕೆಂದರೆ ನಮ್ಮ ಅರ್ಧ ವೀಲ್‌ಚೇರ್‌ಗಳ ಬ್ರೇಕ್ ಹೆಸರಿಗೆ ಮಾತ್ರ. ಹಿಡಿಯದಿದ್ದರೆ ಚೇರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಇಲ್ಲ ಹಿಂದೆ ಒಬ್ಬರು ಕಾಲು ಕೊಟ್ಟು ಹಿಡಿದಿರಲಿ. ಕಾಲಿಡುವ ಪಟ್ಟಿಗಳನ್ನು ಮೇಲಕ್ಕೆ ಮಡಚಿ, ಇಲ್ಲದಿದ್ದರೆ ರೋಗಿಯ ಕಣಕಾಲಿಗೂ ನಿಮ್ಮ ಕಣಕಾಲಿಗೂ ಏಟು ಖಂಡಿತ. ಸವೆದ ಹವಾಯಿ ಚಪ್ಪಲಿ ಬೇಡ, ಬರಿಗಾಲೇ ವಾಸಿ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗಿದೆಯಾ ನೋಡಿ.

ಆಮೇಲೆ ಟ್ಯೂಬುಗಳು. ನಾನು ಕಂಡ ಅತಿ ಸಾಮಾನ್ಯ ಎಡವಟ್ಟು ಇದು: ಮೂತ್ರ ತುಂಬುವ ಚೀಲ, ಅಂದರೆ ಯೂರೋಬ್ಯಾಗ್, ಮಂಚದ ಕಂಬಿಗೆ ನೇತುಹಾಕಿದ್ದು ಮರೆತು ರೋಗಿಯನ್ನು ಎಬ್ಬಿಸುವುದು. ಮೂತ್ರಕೋಶದೊಳಗೆ ಬಲೂನ್ ಉಬ್ಬಿಸಿಟ್ಟ ಕ್ಯಾತಿಟರ್ ಕೊಳವೆ ಹಾಗೆ ಎಳೆಸಿಕೊಂಡರೆ ರಕ್ತ ಬರುತ್ತದೆ. ಮೊದಲು ಬ್ಯಾಗ್ ಬಿಚ್ಚಿ ಚೇರಿಗೆ ಹಾಕಿ, ಮೂತ್ರಕೋಶಕ್ಕಿಂತ ಕೆಳಗೇ ಇರಲಿ. ಐವಿ ಲೈನ್ ಸಡಿಲ ಮಾಡಿಕೊಳ್ಳಿ. ಎದೆಗೆ ಐಸಿಡಿ, ಅಂದರೆ ಒಳಗೆ ತುಂಬಿದ ಗಾಳಿ, ನೀರು ಹೊರಬಿಡುವ ಕೊಳವೆ, ಹಾಕಿದ್ದರೆ ಬಾಟಲಿ ಎದೆಗಿಂತ ಕೆಳಗಿರಬೇಕು, ಸಾಗಿಸುವ ನೆಪದಲ್ಲಿ ಕ್ಲ್ಯಾಂಪ್ ಹಾಕಬಾರದು.

ಕೂರಿಸುವುದು ತಕ್ಕಡಿಯ ಆಟ. ಅವರನ್ನು ಎಡ ಮಗ್ಗುಲಿಗೆ ಹೊರಳಿಸಿ, ಸೋತ ಬಲಗೈ ಹಿಂದೆ ಜಾರದ ಹಾಗೆ ಎದೆಯ ಮುಂದೆ ತನ್ನಿ. ಎರಡೂ ಕಾಲು ಮಂಚದಿಂದ ಕೆಳಗಿಳಿಸಿ. ಕಾಲುಗಳ ಭಾರ ಕೆಳಕ್ಕೆ ಎಳೆಯುವಾಗಲೇ ಅವರು ಎಡ ಮೊಣಕೈ ಒತ್ತಿ ಏಳಲಿ, ನಿಮ್ಮ ಕೈ ಭುಜದ ಹಿಂದೆ ಆಸರೆಗೆ ಮಾತ್ರ. ಕಾಲು ಇಳಿದಷ್ಟೂ ಮೈ ಮೇಲೇಳುತ್ತದೆ, ನೀವೇ ಆಶ್ಚರ್ಯ ಪಡುತ್ತೀರಿ.

ಕೂತ ತಕ್ಷಣ ನಿಲ್ಲಿಸಬೇಡಿ. ಎರಡು ಮೂರು ನಿಮಿಷ ಕೂರಲಿ, ಮಾತಾಡಿಸಿ, ತಲೆ ಸುತ್ತುತ್ತಾ, ಕಣ್ಣು ಕತ್ತಲೆ ಬರುತ್ತಾ ಕೇಳಿ. ಬಹಳ ದಿನ ಮಲಗಿದ್ದವರಿಗೆ ಎದ್ದಾಗ ಬಿಪಿ ಧಪ್ ಅಂತ ಇಳಿಯಬಹುದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ದಿನ ನಿಲ್ಲಿಸುವುದು ಬೇಡ, ಮಲಗಿಸಿ ಸಿಸ್ಟರ್‌ಗೆ ಹೇಳಿ. ನೀವು ಎದುರಿಗಿದ್ದೀರಿ, 80 ಕೆಜಿ ಮನುಷ್ಯ ಬವಳಿ ಬಂದು ನಿಮ್ಮ ಮೇಲೇ ಬೀಳುವುದು.

ಈಗ ನಿಲ್ಲಿಸುವುದು. ಕುರ್ಚಿಯಿಂದ ನೀವು ಒಮ್ಮೆ ಎದ್ದು ನೋಡಿ, ಬೆನ್ನು ನೆಟ್ಟಗಿಟ್ಟುಕೊಂಡು, ಪಾದ ಮುಂದೆ ಚಾಚಿಕೊಂಡು. ಆಗುವುದಿಲ್ಲ. ಅಂಚಿಗೆ ಜರುಗಬೇಕು, ಪಾದ ಮೊಣಕಾಲಿಗಿಂತ ಹಿಂದಕ್ಕೆ ಬರಬೇಕು, ಮೈ ಮುಂದೆ ಬಾಗಿ ಮೂಗು ಕಾಲ್ಬೆರಳುಗಳ ನೇರಕ್ಕೆ ಬರಬೇಕು. ಆಗ ಕುಂಡೆ ತಾನಾಗಿ ಮೇಲೇಳುತ್ತದೆ. ರೋಗಿಗೂ ಅದೇ. ನಾವು ಮಾಡುವ ತಪ್ಪು ಏನು ಗೊತ್ತಾ? ಅವರ ಮುಂದೆ ಗೋಡೆಯ ಹಾಗೆ ಒತ್ತಿ ನಿಂತು, ಬಾಗಲು ಜಾಗವನ್ನೇ ಕೊಡದೆ, ನೆಟ್ಟಗೆ ಮೇಲಕ್ಕೆ ಎಳೆಯುವುದು. ಅವರ ಬಲಗಡೆಗೆ ಸ್ವಲ್ಪ ಸರಿದು ನಿಲ್ಲಿ, ನಿಮ್ಮ ಮೊಣಕಾಲನ್ನು ಅವರ ಸೋತ ಮೊಣಕಾಲಿಗೆ ತಡೆ ಕೊಡಿ, ಒಂದು ಕಾಲು ಮುಂದೆ ಒಂದು ಹಿಂದೆ. ನಿಮ್ಮ ಕುತ್ತಿಗೆ ಹಿಡಿಯಲು ಬಿಡಬೇಡಿ. ಆ ಎಡಗೈ ವೀಲ್‌ಚೇರಿನ ಕೈ ಹಿಡಿಯಲಿ ಅಥವಾ ಮಂಚ ಒತ್ತಲಿ. ರೋಗಿಯ ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಫರ್ ಬೆಲ್ಟ್ ನಮ್ಮ ವಾರ್ಡುಗಳಲ್ಲಿ ಅಪರೂಪ. ಇಲ್ಲದಿದ್ದರೆ ರೋಗಿಯ ಸೊಂಟದ ಕೆಳಗೆ ಅಡ್ಡ ಹಾಸುವ ಡ್ರಾ ಶೀಟನ್ನು ಪಟ್ಟಿಯಂತೆ ಮಡಚಿ ಕುಂಡೆಯ ಹಿಂದಿನಿಂದ ತಂದು, ಎರಡು ತುದಿಯನ್ನು ಇಬ್ಬರು ಹಿಡಿದುಕೊಳ್ಳಿ. ಪಂಚೆಯ ಗಂಟು, ಪೈಜಾಮದ ಲಾಡಿ ಹಿಡಿದು ಎಳೆಯುವವರಿದ್ದಾರೆ, ಬಿಚ್ಚಿಕೊಂಡರೆ ಅವರ ಮರ್ಯಾದೆಯೂ ಹೋಯಿತು, ನಿಮ್ಮ ಹಿಡಿತವೂ ಹೋಯಿತು.

ಎಣಿಕೆ ಮೊದಲೇ ಗೊತ್ತು ಮಾಡಿಕೊಳ್ಳಿ. ನಾನೀಗ ಮೂರು ಅನ್ನುವುದನ್ನೇ ಬಿಟ್ಟಿದ್ದೇನೆ, "ಒಂದು, ಎರಡು, ಏಳಿ" ಅನ್ನುತ್ತೇನೆ. ಕಲಬುರಗಿ ಕಡೆಯವರಾದರೆ "ಏಳ್ರಿ", ಉರ್ದು ಮಾತಾಡುವವರಾದರೆ "ಉಠೋ". ರೋಗಿಯ ಮಾತಲ್ಲಿ ಆ ಒಂದು ಪದ ಕಲಿತುಕೊಳ್ಳಿ, ಅವರ ಕಾಲಿನ ಬಲ ನಿಮಗೆ ಸಿಗುವುದು ಆ ಪದದಿಂದಲೇ. ನಿಂತ ಮೇಲೆ ಸೊಂಟ ತಿರುಚಬೇಡಿ, ಪಾದ ಎತ್ತಿಟ್ಟು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ತಿರುಗಿ. ಚೇರಿನ ಅಂಚು ತೊಡೆಯ ಹಿಂದೆ ತಾಗಿತು ಅಂತ ಅವರು ಹೇಳಿದ ಮೇಲೆ ನಿಧಾನ ಕೂರಿಸಿ.

ವಾಪಸ್ ಮಲಗಿಸುವಾಗ ಎಲ್ಲರೂ ಚೇರನ್ನು ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಆಗ ಮಂಚ ಸೋತ ಕಡೆಗೆ ಬಂತಲ್ಲ! ಹೋಗುವಾಗ ತಲೆ ಕಡೆ ಇದ್ದ ಚೇರ್ ಬರುವಾಗ ಕಾಲ ಕಡೆ ಇರಬೇಕು, ಮುಖ ತಲೆದಿಂಬಿನ ಕಡೆಗೆ. ಆಗ ಮಂಚ ಅವರ ಎಡಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಮಧ್ಯದಲ್ಲಿ ಅವರ ಕಾಲು ಕುಸಿದರೆ, ಹಿಡಿದು ನಿಲ್ಲಿಸುವ ಸಾಹಸ ಬೇಡ. ಅವರನ್ನು ಮೈಗೆ ಒರಗಿಸಿಕೊಂಡು, ನಿಮ್ಮ ಮುಂದಿನ ಕಾಲಿನ ಮೇಲಿಂದ ಜಾರಿಸುತ್ತಾ, ತಲೆ ಕಾಪಾಡಿ ನೆಲಕ್ಕೆ ಇಳಿಸಿ. ಕೂಗಿ ಜನ ಕರೆಯಿರಿ. ಬಿದ್ದವರನ್ನು ತಕ್ಷಣ ಎತ್ತಲೂ ಬೇಡ, ಮೊದಲು ಏಟಾಗಿದೆಯಾ ನೋಡಬೇಕು. ಈ ಮಾತು ಹೊಸಬರಿಗೆ ಅಪರಾಧದಂತೆ ಕೇಳಿಸುತ್ತದೆ. ಇಳಿಸುವುದು ಬೀಳಿಸಿದ ಹಾಗಲ್ಲ.

ಟ್ರಾಲಿಗೆ ಸರಿಸುವುದನ್ನೂ ಹೇಳಿಬಿಡುತ್ತೇನೆ, ಅಲ್ಲಿ ಶತ್ರು ಭಾರವಲ್ಲ, ಉಜ್ಜುವಿಕೆ. ಬೆಡ್‌ಶೀಟಿನ ಕೆಳಗೆ ಒರಟು ಹಾಸಿಗೆ, ರಬ್ಬರಿನ ಮ್ಯಾಕಿಂಟಾಷ್, ಎರಡೂ ಹಿಡಿದುಕೊಳ್ಳುತ್ತವೆ. ಜಾರುವ ಸ್ಲೈಡ್ ಶೀಟ್ ಇದ್ದರೆ ಪುಣ್ಯ. ಇಲ್ಲದ ಕಡೆ ಹೊಸದಾದ, ಶುಚಿಯಾದ ದೊಡ್ಡ ಪಾಲಿಥಿನ್ ಚೀಲವನ್ನು ಡ್ರಾ ಶೀಟಿನ ಕೆಳಗೆ ಹಾಕಿ ಸರಿಸಿದ್ದೇವೆ, ಎಷ್ಟು ಹಗುರ ಆಗುತ್ತದೆ ಅಂತ ನೀವೇ ನೋಡಬೇಕು. ಕೆಲಸ ಮುಗಿದ ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ರೋಗಿ ಮಂಚದಿಂದಲೇ ಜಾರುತ್ತಾರೆ. ನಾಲ್ಕು ಜನ ಬೇಕು. ಮಂಚ, ಟ್ರಾಲಿ ಎರಡಕ್ಕೂ ಬ್ರೇಕ್, ಮಧ್ಯೆ ಸಂದಿ ಇರಬಾರದು, ಹೋಗುವ ಕಡೆ ಸ್ವಲ್ಪ ತಗ್ಗಿರಲಿ. ಶೀಟಿನ ಅಂಚನ್ನು ರೋಗಿಯ ಮೈಯವರೆಗೆ ಸುತ್ತಿ ಹಿಡಿಯಿರಿ, ಮೊಣಕೈ ನಿಮ್ಮ ಪಕ್ಕೆಗೆ ಅಂಟಿರಲಿ, ಕೈಯಿಂದ ಎಳೆಯಬೇಡಿ, ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಭಾರ ಬದಲಿಸಿ. ಬೆನ್ನುಮೂಳೆ ಮುರಿದಿರಬಹುದು ಅನ್ನುವ ಅನುಮಾನ ಇದ್ದರೆ ಇದಕ್ಕೆಲ್ಲ ನೀವು ಕೈ ಹಾಕಬೇಡಿ. ಅದು ಬೇರೆಯೇ ವಿಧಾನ, ತಲೆ ಹಿಡಿದವರು ಹೇಳಿದ ಹಾಗೆ ಎಲ್ಲರೂ ನಡೆಯಬೇಕು.

ಮಂಚದಲ್ಲಿ ಮೇಲಕ್ಕೆ ಜರುಗಿಸುವಾಗ ದಿಂಬು ತೆಗೆದು ತಲೆಕಡೆಯ ಕಂಬಿಗೆ ಒರಗಿಸಿಡಿ, ಹಾಸಿಗೆಯನ್ನು ಮಟ್ಟ ಮಾಡಿ, ಆದರೆ ಉಬ್ಬಸ ಇರುವವರಿಗೆ, ಆಗಷ್ಟೇ ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬಲ್ಲಿ ಫೀಡ್ ಕೊಟ್ಟವರಿಗೆ ಬೇಡ. ಚೆನ್ನಾಗಿರುವ ಕಾಲನ್ನು ಮಡಿಸಿ ಪಾದ ಊರಿ ಒತ್ತಲು ಹೇಳಿ. ಹಾಗೇ ದರದರ ಎಳೆದರೆ ಕುಂಡೆ, ಹಿಮ್ಮಡಿಯ ಚರ್ಮ ಉಜ್ಜಿ ಬೆಡ್‌ಸೋರ್ ಶುರುವಾಗುತ್ತದೆ.

ನೀವು ಕೇಳಿದ ಸೊಂಟದ ಬೆಲ್ಟ್. ಆರೋಗ್ಯವಾಗಿರುವವರಿಗೆ ಅದು ಪೆಟ್ಟು ತಪ್ಪಿಸುತ್ತದೆ ಅನ್ನಲು ಪುರಾವೆ ಸಾಲದು ಅಂತ ನಿಯೋಶ್ 1994ರಲ್ಲೇ ಹೇಳಿದೆ. ಆಮೇಲೆ ದೊಡ್ಡ ಅಂಗಡಿಗಳಲ್ಲಿ ಸಾಮಾನು ಎತ್ತಿಡುವ ಸಾವಿರಾರು ಕೆಲಸಗಾರರನ್ನು ಗಮನಿಸಿದ ಅಧ್ಯಯನ 2000ದಲ್ಲಿ ಬಂತು, ಅದರಲ್ಲೂ ಪ್ರಯೋಜನ ಕಾಣಲಿಲ್ಲ. ಡಾಕ್ಟರು ನೋವಿಗೆ ಅಂತ ಬರೆದುಕೊಟ್ಟರೆ ಹಾಕಿಕೊಳ್ಳಿ. ಬೆಲ್ಟ್ ಇದೆಯಲ್ಲ ಅಂತ 80 ಕೆಜಿಗೆ ಕೈ ಹಾಕಬೇಡಿ.

ಆಗಲ್ಲ ಅನ್ನೋದು ಹೇಗೆ ಅಂದಿರಿ. "ನಂಗಾಗಲ್ಲ" ಅಂದರೆ ಸೋಮಾರಿ ಅನ್ನಿಸಿಕೊಳ್ಳುತ್ತೀರಿ, ಅದು ನಿಜ. ರೋಗಿಯ ಸ್ಥಿತಿ ಹೇಳಿ, ಬೇಕಾದ್ದು ಕೇಳಿ: "ಸಿಸ್ಟರ್, 12ನೇ ಬೆಡ್ಡಿನವರು ಕಾಲು ಊರ್ತಿಲ್ಲ, ಬೀಳ್ತಾರೆ. ಟ್ರಾಲಿ ಬೇಕು, ಇನ್ನು ಮೂವರನ್ನು ಕಳಿಸಿ, ಅಲ್ಲೀವರೆಗೆ ನಾನು ಟ್ಯೂಬೆಲ್ಲ ರೆಡಿ ಮಾಡ್ಕೋತೀನಿ." ಬೀಳ್ತಾರೆ ಅನ್ನುವ ಪದಕ್ಕೆ ಯಾವ ಇನ್‌ಚಾರ್ಜ್ ಸಿಸ್ಟರ್ ಆದರೂ ತಿರುಗಿ ನೋಡುತ್ತಾರೆ. ಜನವೇ ಇಲ್ಲದ ವಾರ್ಡಲ್ಲಿ ರೋಗಿಯ ಕಡೆಯವರನ್ನು ಕರೆಯಬೇಕಾಗುತ್ತದೆ, ಅವರಿಗೆ ಎಲ್ಲಿ ಹಿಡಿಯಬೇಕು, ಯಾವಾಗ ಸರಿಸಬೇಕು ಅಂತ ಮೊದಲು ಒಂದು ನಿಮಿಷ ಹೇಳಿಕೊಡಿ. ಹೇಗೂ ನಾಳೆ ಮನೆಯಲ್ಲಿ ಅವರೇ ಮಾಡಬೇಕು.

ಅಭ್ಯಾಸಕ್ಕೆ ಲ್ಯಾಬಿನ ಗೊಂಬೆ ಸಾಲದು. ಗೊಂಬೆ ಹೆದರಲ್ಲ, ಕುತ್ತಿಗೆ ಹಿಡಿಯಲ್ಲ. ನೋವು ಪೂರ್ತಿ ಹೋದ ಮೇಲೆ ಹಾಸ್ಟೆಲಲ್ಲಿ ರೂಮ್‌ಮೇಟ್ ಜೊತೆ ಮಾಡಿ, ಅದರಲ್ಲೂ ನೀವು ರೋಗಿಯಾಗಿ. ಬಲಗೈ ಬಲಗಾಲು ಸತ್ತ ಹಾಗೆ ಬಿಟ್ಟು, ಅವಳು ಕಂಕುಳಿಗೆ ಕೈ ಹಾಕಿದರೆ ಹೇಗಾಗುತ್ತದೆ, ಹೇಳದೆ ಎಳೆದರೆ ಹೇಗೆ ಮೈ ಬಿಗಿಯಾಗುತ್ತದೆ ಅಂತ ಅನುಭವಿಸಿ. ಪ್ಲಾಸ್ಟಿಕ್ ಕುರ್ಚಿ ಬಳಸಿದರೆ ಗೋಡೆಗೆ ಒತ್ತಿಡಿ. ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ಮಾಡಿಸಿಕೊಂಡು ನೋಡಿ, ನೇರ ಅಂದುಕೊಂಡ ಬೆನ್ನು ಎಷ್ಟು ಬಾಗಿದೆ ಅಂತ ನಗು ಬರುತ್ತದೆ. ಕಾಲಿನ ಬಲಕ್ಕೆ ಜಿಮ್ ಬೇಡ, ಶಾಲೆಯಲ್ಲಿ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿ ಸಾಕು.

ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಹೋದ ತಕ್ಷಣ ರೋಗಿಯ ಮೈ ಹಿಡಿಯುತ್ತಾರೆ. ನೀವು ಮೊದಲು ಹೆಸರು ಕೇಳಿ, ಏನು ಮಾಡುತ್ತೇವೆ ಅಂತ ಹೇಳಿ, ಪರದೆ ಎಳೆಯಿರಿ, ಬ್ರೇಕ್ ಮುಟ್ಟಿ ನೋಡಿ, ಯೂರೋಬ್ಯಾಗ್ ಬಿಚ್ಚಿ. ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ, ಎಕ್ಸಾಮಿನರ್‌ಗೆ ನಿಮ್ಮ ಮನಸ್ಸು ಕಾಣಲ್ಲ. ರೋಗಿ ಕಾಲು ಊರಲಾಗದವರು ಅಂತ ಕೇಸ್ ಕೊಟ್ಟಿದ್ದರೆ, "ಇವರನ್ನು ನಾನೊಬ್ಬಳೇ ನಿಲ್ಲಿಸುವುದಿಲ್ಲ ಮೇಡಂ, ಟ್ರಾಲಿ ಮತ್ತು ಮೂವರು ಬೇಕು" ಅನ್ನಿ. ನಾನು ಎಕ್ಸಾಮಿನರ್ ಆಗಿದ್ದಾಗ ಹಾಗೆ ಹೇಳಿದ ಹುಡುಗಿಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೇನೆ, ಅವಳು ರೋಗಿಯನ್ನು ಇನ್ನೂ ಮುಟ್ಟೇ ಇರಲಿಲ್ಲ.